ಇಳಿದರೆ ಹೊರಡುವ ಜೀಪು

ನನ್ನ ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಕೊಟ್ಟದ್ದು ಒಂದು ಹಳೆಯ ಜೀಪು. ತೊಂಬತ್ತರ ದಶಕ ಮುಗಿಯುತ್ತಿತ್ತು, ನಮ್ಮ ಕಡೆ ಅಳಿಯನಿಗೆ ಹೊಸ ಬೈಕು ಕೊಡುವುದು ವಾಡಿಕೆಯಾಗಿತ್ತು. ಅಪ್ಪನಿಗೆ ಹೊಸದೇನನ್ನೂ ತರುವ ಶಕ್ತಿ ಇರಲಿಲ್ಲ. ಅದಕ್ಕೇ ತಾನು ಬಹಳ ಇಷ್ಟಪಟ್ಟು ಇಟ್ಟುಕೊಂಡಿದ್ದನ್ನು ಕೊಟ್ಟುಬಿಟ್ಟ. ಸರ್ಕಾರದ ಹರಾಜಿನಲ್ಲಿ ಕೊಂಡ, ನನಗಿಂತ ವಯಸ್ಸಾದ ಜೀಪು ಅದು. ಕೆ.ಆರ್. ನಗರದ ಕಡೆಯ ನಮ್ಮ ಗದ್ದೆ ಬಯಲಿನಲ್ಲಿ ನಾಟಿಯ ಪೈರಿನಿಂದ ಹಿಡಿದು ಹೆರಿಗೆಗೆ ಹೊರಟ ಹೆಂಗಸರ ತನಕ ಎಲ್ಲರನ್ನೂ ಹೊತ್ತಿತ್ತು. ಅಪ್ಪ ಅದರ ಕೆಳಗೆ ಮಲಗಿ ರಿಪೇರಿ ಮಾಡುವಾಗ ಸ್ಪ್ಯಾನರು ಎತ್ತಿಕೊಡುತ್ತಿದ್ದವಳು ನಾನು. ಮದುವೆಗೆ ಮುಂಚೆ ಅದಕ್ಕೆ ಹಸಿರು ಬಣ್ಣ ಹೊಡೆಸಿ, ಚೆಂಡುಹೂವಿನ ಹಾರ ಹಾಕಿ, ಗಂಡಿನವರ ಕೈಗೆ ಕೀ ಕೊಟ್ಟ ದಿನ ಅಪ್ಪನ ಮುಖ ನೋಡಬೇಕಿತ್ತು.

ನನ್ನ ಗಂಡನ ಊರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಪ್ಪದ ಹತ್ತಿರ. ಹೊಗೆಸೊಪ್ಪು ಬೆಳೆಯುವ ಮನೆ. ಮಾವ ಕೆಟ್ಟವರಲ್ಲ, ಅತ್ತೆಯೂ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಜಗಳ ಆಡಿ ಮುಗಿಸುತ್ತಿದ್ದೆ. ಜಗಳ ನನಗೆ ಚೆನ್ನಾಗಿಯೇ ಬರುತ್ತದೆ.

ಜೀಪು ಮೊದಲ ಸಲ ನಿಂತದ್ದು ನಾವೆಲ್ಲ ಹುಣಸೂರಿಗೆ ಬಟ್ಟೆ ತರಲು ಹೊರಟ ದಿನ. ಮನೆಯಿಂದ ಚೆನ್ನಾಗಿಯೇ ಹೊರಟಿತು. ಪಿರಿಯಾಪಟ್ಟಣ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಂಜಿನ್ನು ಮಿಸ್ಸಿಂಗ್ ಹೊಡೆಯತೊಡಗಿತು. ಜಗ್ಗಿ ಜಗ್ಗಿ ನಾಲ್ಕು ಮಾರು ಹೋಗಿ ಸುಮ್ಮನಾಯಿತು. ಅದರ ಪೆಟ್ರೋಲ್ ಮೀಟರು ಯಾವ ಕಾಲದಲ್ಲೋ ಸತ್ತಿದ್ದರಿಂದ, ಪೆಟ್ರೋಲ್ ಇದೆಯೇ ಇಲ್ಲವೇ ಎಂದು ಕಡ್ಡಿ ಅದ್ದಿಯೇ ನೋಡಬೇಕು. ಟ್ಯಾಂಕು ಇದ್ದದ್ದು ಡ್ರೈವರ್ ಪಕ್ಕದ ಸೀಟಿನ ಕೆಳಗೆ, ಅಂದರೆ ಹೊಸ ಮದುಮಗಳಾದ ನಾನು ಕೂತಿದ್ದ ಸೀಟಿನ ಕೆಳಗೆ. ನಾನು ಇಳಿದೆ. ಯಜಮಾನರು ಸೀಟೆತ್ತಿ, ಮುಚ್ಚಳ ತಿರುಗಿಸಿ, ತೆಂಗಿನಕಡ್ಡಿ ಅದ್ದಿ ನೋಡಿದರು. ಬೇಕಾದಷ್ಟಿತ್ತು. ಮುಚ್ಚಿ, ಸೀಟು ಹಾಕಿ, ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೊರಟಿತು.

ಹುಣಸೂರಿನಿಂದ ಬರುವಾಗಲೂ ಹಾಗೇ ಆಯಿತು. ನಾನು ಇಳಿದೆ, ಕಡ್ಡಿ ಅದ್ದಿದರು, ಹೊರಟಿತು. ಹಿಂದೆ ಕೂತಿದ್ದ ಅತ್ತೆಯ ತಂಗಿ, "ನೋಡ್ದಾ ಅಕ್ಕ, ಅವ್ಳು ಇಳುದ್ಲು, ಗಾಡಿ ಹೊಂಟ್ತು" ಅಂದರು. ತಮಾಷೆಯ ಮಾತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಪಿರಿಯಾಪಟ್ಟಣದಿಂದ ಮೇಸ್ತ್ರಿಯನ್ನು ಕರೆಸಿದರು. ಆತ ಪ್ಲಗ್ಗು ಬಿಚ್ಚಿ ಉಜ್ಜಿದ, ಪಾಯಿಂಟು ಬದಲಿಸಿದ, ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆದ. ಕೆರೆ ಏರಿಯ ತನಕ ಒಂದು ಸುತ್ತು ಓಡಿಸಿಕೊಂಡು ಬಂದು, "ಎಂಜಿನ್ ಬಂಗಾರದಂಗೈತೆ ಕಣ್ರೀ" ಎಂದು ಹೇಳಿ ಹೋದ. ಹತ್ತಿರದ ಓಡಾಟದಲ್ಲಿ ಅದು ಎಂದೂ ನಿಲ್ಲುತ್ತಿರಲಿಲ್ಲ. ಮಾವ ಹೊಲಕ್ಕೆ, ಕೊಪ್ಪಕ್ಕೆ ಒಬ್ಬರೇ ಓಡಿಸಿಕೊಂಡು ಹೋಗಿ ಬರುತ್ತಿದ್ದರು. ನಿಲ್ಲುತ್ತಿದ್ದದ್ದು ದೂರದ ಊರಿಗೆ ಮನೆಮಂದಿಯೆಲ್ಲ ಹೊರಟಾಗ. ಮನೆಮಂದಿ ಅಂದಮೇಲೆ ಮುಂದಿನ ಸೀಟಿನಲ್ಲಿ ನಾನು ಇದ್ದೇ ಇರುತ್ತಿದ್ದೆ. ಎಂಜಿನ್ನಿನಲ್ಲಿ ದೋಷವಿಲ್ಲ ಎಂದು ಮೇಸ್ತ್ರಿ ಹೇಳಿದ ಮೇಲೆ, ದೋಷ ಇರಬಹುದಾದ ಜಾಗ ಇನ್ನೆಲ್ಲಿದೆ?

ಕಾಲ್ಗುಣ ಎಂಬ ಮಾತನ್ನು ಮನೆಯೊಳಗೆ ಯಾರೂ ನನ್ನ ಮುಖಕ್ಕೆ ಆಡಲಿಲ್ಲ. ಅದು ಪಕ್ಕದ ಮನೆಯ ಹಿತ್ತಲಿನಿಂದ ನನ್ನ ಕಿವಿಗೆ ಬಿತ್ತು. ಬಟ್ಟೆ ಒಗೆಯುತ್ತಿದ್ದವಳು ಅಲ್ಲೇ ಕೂತುಬಿಟ್ಟೆ. ತವರಿನಿಂದ ಬಂದ ವಸ್ತುವೇ ತವರಿನ ಹೆಣ್ಣನ್ನು ಹೊರುವುದಿಲ್ಲ ಅಂದರೆ ಆ ಹೆಣ್ಣು ಎಂಥವಳಿರಬೇಕು ಎಂದು ಪಕ್ಕದ ಮನೆಯವರು ಮಾತಾಡಿಕೊಳ್ಳುತ್ತಿದ್ದರು.

ಎಚ್.ಡಿ. ಕೋಟೆಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಬಂತು. ಹಿಂದಿನ ದಿನ ಅತ್ತೆ ಅಡುಗೆಮನೆಗೆ ಬಂದು, ನನ್ನ ಮುಖ ನೋಡದೆ, "ಮೂರ್ತ ಮೀರ್ಬಾರ್ದು ಕಣಮ್ಮಿ. ನೀ ಬಸ್ನಲ್ಲಿ ಬಂದ್ಬುಡು. ತಪ್ಪು ತಿಳ್ಕಬ್ಯಾಡ" ಅಂದರು. ತಪ್ಪು ತಿಳಿಯಲಿಲ್ಲ. ಸೀರೆಯ ಬ್ಯಾಗನ್ನು ಜೀಪಿಗೆ ಹಾಕಿ, ನಾನು ರಸ್ತೆಗೆ ಹೋಗಿ ನಿಂತೆ. ಅಪ್ಪನ ಜೀಪು ಅವರನ್ನೆಲ್ಲ ತುಂಬಿಕೊಂಡು ನನ್ನ ಮುಂದೆಯೇ ಹೋಯಿತು. ಯಜಮಾನರು ಹಾರ್ನ್ ಕೂಡ ಮಾಡಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಊರಿನವರು ಒಮ್ಮೆ ಜೀಪನ್ನೂ ಒಮ್ಮೆ ನನ್ನನ್ನೂ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಹುಣಸೂರಿನಲ್ಲಿ ಬಸ್ಸು ಬದಲಿಸಿ ಕೋಟೆಗೆ ಹೋಗಿ ಮುಟ್ಟಿದರೆ, ಜೀಪು ದಾರಿಯಲ್ಲಿ ನಿಂತಿತ್ತು ಎಂಬ ಸುದ್ದಿ. ನಾನಿಲ್ಲದೆಯೂ ನಿಂತಿದೆ! ಪೂಜೆಯ ಮನೆಯಲ್ಲಿ ನನ್ನಷ್ಟು ಖುಷಿ ಯಾರಿಗೂ ಆಗಿರಲಿಕ್ಕಿಲ್ಲ. ಆದರೆ ಅತ್ತೆಯ ತಂಗಿ ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಇವ್ಳ ಸೀರೆಬ್ಯಾಗು ಮುಂದಿನ ಸೀಟ್ನಲ್ಲಿತ್ತು. ಎತ್ತಿ ಕೆಳಗಿಟ್ವಿ, ಹೊಂಟ್ತು" ಅಂದರು. ಊಟಕ್ಕೆ ಕೂತಾಗ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಆಮೇಲೆ ನಾನು ಪಳಗಿದೆ. ಎಂಜಿನ್ನು ತಡವರಿಸಿದ ಕೂಡಲೇ ನೆರಿಗೆ ಎತ್ತಿಕೊಂಡು ತಯಾರಾಗುತ್ತಿದ್ದೆ. ಮೊದಮೊದಲು ಮಾವ, "ವಸಿ ಇಳಿ ಮಗಾ" ಅನ್ನುತ್ತಿದ್ದರು, ಆಮೇಲೆ ಅದನ್ನೂ ಹೇಳಬೇಕಾಗಲಿಲ್ಲ. ಇಳಿದು ಪಕ್ಕದಲ್ಲಿ ನಿಲ್ಲುವುದು ಬಿಟ್ಟು ಸ್ವಲ್ಪ ದೂರಕ್ಕೇ ಹೋಗಿ ನಿಲ್ಲುತ್ತಿದ್ದೆ, ಬೇಗ ಹೊರಡಲಿ ಎಂದು.

ಅಪ್ಪನಿಗೆ ಮಾತ್ರ ಇದು ತಿಳಿಯಬಾರದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ತನ್ನ ಕೈಯಾರೆ ಕೊಟ್ಟ ಜೀಪಿನಿಂದ ಮಗಳಿಗೆ ಇಂಥ ಹೆಸರು ಬಂತು ಎಂದು ಗೊತ್ತಾದರೆ ಆ ಮನುಷ್ಯ ತಲೆ ಎತ್ತಿ ತಿರುಗುತ್ತಿರಲಿಲ್ಲ. ತವರಿಗೆ ಹೋದಾಗೆಲ್ಲ ಅವನು ನನ್ನ ಆರೋಗ್ಯಕ್ಕಿಂತ ಮೊದಲು ಜೀಪಿನ ಆರೋಗ್ಯ ಕೇಳುತ್ತಿದ್ದ. ಚೆನ್ನಾಗಿ ಓಡುತ್ತಿದೆ ಎಂದು ಹೇಳಿ, ಅಮ್ಮನ ಹತ್ತಿರ ಏನಾದರೂ ಕೆಲಸ ಕೇಳಿಕೊಂಡು ಒಳಗೆ ಹೋಗುತ್ತಿದ್ದೆ.

ಹೊಗೆಸೊಪ್ಪಿನ ಹರಾಜು ಶುರುವಾಗುವ ಮುಂಚೆ ಮಾವ ಅಪ್ಪನಿಗೆ ಹೇಳಿಕಳಿಸಿದರು. ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮನೆಯಲ್ಲೇ ಇರಲಿ, ಬಂದು ತೆಗೆದುಕೊಂಡು ಹೋಗಿ ಎಂದು. ಬಳುವಳಿ ವಾಪಸ್ಸು ಹೋಗುವುದೆಂದರೆ ಹೆಣ್ಣಿನ ತವರಿಗೆ ಎಂಥ ಅವಮಾನವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾರನೆಯ ಬೆಳಿಗ್ಗೆಯೇ ಅಪ್ಪ ಸ್ಪ್ಯಾನರುಗಳ ಚೀಲ ಹೊತ್ತುಕೊಂಡು ಬಸ್ಸಿಳಿದು ಬಂದ. "ಕೆಟ್ಟಿದ್ರೆ ಸರಿಮಾಡ್ಕೊಟ್ಟು ಹೋಗ್ತೀನಿ ಬೀಗ್ರೆ. ತಗೊಂಡೋಗೋ ಮಾತು ಬ್ಯಾಡ" ಅಂದ.

ನಾನು ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡೆ. "ಅಪ್ಪನ್ ಮುಂದೆ ಆ ಮಾತು ಎತ್ತಬ್ಯಾಡಿ ಅತ್ತೆ."

"ನಾನ್ಯಾಕಮ್ಮಿ ಎತ್ಲಿ? ನಂಗೂ ಮಾನ ಮರ್ವಾದೆ ಐತೆ" ಅಂದರು. ಅವರು ಮಾತಿಗೆ ತಪ್ಪಲಿಲ್ಲ. ಮಾವನಿಗೂ, ಯಜಮಾನರಿಗೂ ಹೇಳಿಟ್ಟರು.

ಓಡಿಸಿಯೇ ನೋಡಬೇಕೆಂದು ಅಪ್ಪ ಹುಣಸೂರಿನ ಕಡೆಗೆ ಹೊರಟ. ನನ್ನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡ. ಮಾವ ಮತ್ತು ಯಜಮಾನರು ಹಿಂದೆ ಕೂತರು. ಅಪ್ಪ ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳುತ್ತ ಓಡಿಸುತ್ತಿದ್ದ. ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ, ಇವತ್ತೊಂದು ದಿನ ನಿಲ್ಲದಿರಲಿ ಎಂದು. ಪಿರಿಯಾಪಟ್ಟಣ ದಾಟಿದ ಮೇಲೆ ಜಗ್ಗಲು ಶುರುವಾಯಿತು. "ಇದ್ಕೆ ಪೆಟ್ರೋಲ್ ಸಿಕ್ತಿಲ್ಲ" ಎಂದು ಅಪ್ಪ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಾನೆಟ್ಟು ಎತ್ತಿದ. ಪೈಪು ಬಿಚ್ಚಿ ನೋಡಿದ. ಒಂದು ಹನಿಯೂ ಬರುತ್ತಿರಲಿಲ್ಲ. ಟ್ಯಾಂಕು ನೋಡೋಣವೆಂದು, "ವಸಿ ಏಳವ್ವ" ಎನ್ನುತ್ತ ಸೀಟಿನ ಕಡೆ ತಿರುಗಿದ.

ಸೀಟಿನಲ್ಲಿ ನಾನಿರಲಿಲ್ಲ. ಯಾರೂ ಹೇಳದೆ, ನನಗೇ ಅರಿವಿಲ್ಲದೆ ಇಳಿದು, ರಸ್ತೆಯಂಚಿನ ಹುಣಸೆಮರದ ತನಕ ಹೋಗಿ, ಜೀಪಿಗೆ ಬೆನ್ನು ಹಾಕಿ ನಿಂತುಬಿಟ್ಟಿದ್ದೆ.

"ಅಲ್ಯಾಕವ್ವ ಹೋಗಿ ನಿಂತ್ಕಂಡೆ?"

ನಾನು ತಿರುಗಿ ನೋಡಿದೆ. ಮಾವ ಹೆಗಲ ಮೇಲಿನ ಟವೆಲನ್ನು ಮಡಿಸಿ, ಮತ್ತೆ ಬಿಚ್ಚಿ ಮಡಿಸುತ್ತಿದ್ದರು. ಯಜಮಾನರು ಟೈರು ನೋಡುತ್ತಿದ್ದರು. ಕೊನೆಗೆ ಮಾವನೇ, "ಏನಿಲ್ಲ ಬೀಗ್ರೆ. ಅವ್ಳು ಇಳುದ್ರೆ ಹೊರಡ್ತದೆ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಅಪ್ಪ ಅವರ ಮುಖ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನಡುರಸ್ತೆಯಲ್ಲಿ ಸೀರೆ ಬಿಚ್ಚಿಹೋದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಅಪ್ಪ ಜಗಳ ತೆಗೆಯಲಿಲ್ಲ. ಅಳಿಯನನ್ನು ಕೇಳಿದ, "ಅವ್ಳು ಇಳುದ್ಮೇಲೆ ನೀವೇನ್ ಮಾಡ್ತೀರಿ?"

"ಸೀಟೆತ್ತಿ ಪೆಟ್ರೋಲ್ ನೋಡ್ತೀವಿ ಮಾವ."

"ಪ್ರತಿ ಸಲಾನೂ?"

"ಹೂಂ."

ಅಪ್ಪ ಸೀಟೆತ್ತಿ ಮುಚ್ಚಳ ತಿರುಗಿಸಿದ. ಉಸ್ ಎಂದು ಟ್ಯಾಂಕಿನೊಳಕ್ಕೆ ಗಾಳಿ ನುಗ್ಗಿದ್ದು ಮರದ ಹತ್ತಿರ ನಿಂತ ನನಗೂ ಕೇಳಿಸಿತು. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲ್ ಹೊರಗೆ ಹೋದ ಹಾಗೆ ಗಾಳಿ ಒಳಗೆ ಬರಬೇಕು, ಬರದಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ನಮ್ಮ ಮುಚ್ಚಳದ ತೂತಿನ ಮೇಲೆ ದಪ್ಪಕ್ಕೆ ಹಸಿರು ಬಣ್ಣ ಕೂತಿತ್ತು. ಪೆಟ್ರೋಲ್ ನೋಡಲು ತೆರೆದಾಗೆಲ್ಲ ಅವರು ಗೊತ್ತಿಲ್ಲದೆ ಅದಕ್ಕೆ ಉಸಿರು ಕೊಟ್ಟಿದ್ದರು, ಹೆಸರು ಮಾತ್ರ ನನ್ನ ಕಾಲಿಗೆ ಬಂದಿತ್ತು.

"ತಪ್ಪು ನಂದೆ ಬೀಗ್ರೆ" ಅಂದ ಅಪ್ಪ. "ಸೀಟೆತ್ತಿ ನೋಡುದ್ರೂ ಹಳೇದು ಅನ್ನಿಸ್ಬಾರ್ದು ಅಂತ ಮುಚ್ಳಕ್ಕೂ ಎರಡು ಕೋಟು ಹೊಡುಸ್ದೆ." ನನ್ನನ್ನು ಹತ್ತಿರ ಕರೆದು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಇಸಕೊಂಡು ತೂತು ಬಿಡಿಸಿದ. ಮಾವ ನಿರಾಳವಾಗಿ ನಕ್ಕು, "ಒಂದು ತೂತು ಎಷ್ಟು ಆಟ ಆಡುಸ್ತು ನೋಡಿ" ಎಂದು ಅಪ್ಪನ ಬೆನ್ನು ತಟ್ಟಿದರು, ಮುಚ್ಚಳವನ್ನು ತಾವೇ ಟವೆಲಿನಿಂದ ಒರೆಸಿದರು. ನನಗೆ ಯಾರೂ ಏನೂ ಹೇಳಲಿಲ್ಲ.

ಹುಣಸೂರಿನ ತನಕ ಒಂದು ಸಲವೂ ಜಗ್ಗಲಿಲ್ಲ. ಅಲ್ಲಿ ಮಾವ ಮತ್ತು ಯಜಮಾನರು ಹೊಗೆಸೊಪ್ಪು ಕಟ್ಟುವ ಗೋಣಿತಾಟಿನ ಅಂಗಡಿಗೆ ಹೋದರು. ಜೀಪಿನ ಪಕ್ಕ ನಾವಿಬ್ಬರೇ ಉಳಿದೆವು.

"ಬೇಜಾರ್ ಮಾಡ್ಕಬ್ಯಾಡಪ್ಪ. ಅವ್ರು ಒಳ್ಳೆವ್ರೇ" ಅಂದೆ.

"ಅವ್ರ ವಿಷ್ಯ ಬುಡು" ಅಂದ. "ಆ ಗಾಳಿ ಉಸ್ ಅಂದಾಗ ನಿನ್ ಮುಖ ನೋಡ್ದೆ. ನೀನೂ ನಿನ್ನಿಂದ್ಲೇ ನಿಲ್ತದೆ ಅನ್ಕಂಡಿದ್ದೇನವ್ವ?" ಎಂದು ಕೇಳಿದ.

ಇಲ್ಲ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. ಅಪ್ಪ ಕಾದು ನೋಡಿದ. ಆಮೇಲೆ ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿ, "ಹತ್ತು, ಕೂತ್ಕೊ" ಅಂದ. ನಾನು ಹತ್ತಿ ಕೂತೆ. ಊರು ಮುಟ್ಟುವ ತನಕ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.