ರುಮಾಲಿನ ಮೇಲೆ ತೆಗೆದ ಅಳತೆ

2022ರಲ್ಲಿ ನಾನು ಹಾವೇರಿ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೆ. ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಆ ಪದವಿ ಇದ್ದೂ ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನ ನಾಟಕದಲ್ಲಿ ರಾಕ್ಷಸರಾಜನ ಪಾತ್ರ ಇಪ್ಪತ್ತೆರಡು ವರ್ಷಗಳಿಂದ ಗುರಪ್ಪಜ್ಜನದು. ಆ ಪಾತ್ರದ ತಗಡಿನ ಶಿರಸ್ತ್ರಾಣ ಎರಡೂವರೆ ಕಿಲೋ ತೂಗುತ್ತಿತ್ತು. ಆ ವರ್ಷ ಅಜ್ಜನ ಕತ್ತಿನ ಮೂಳೆ ಸವೆದು, ತಲೆಯ ಮೇಲೆ ಭಾರ ಹೊರಬಾರದೆಂದು ವೈದ್ಯರು ಹೇಳಿದರು. ನಾಟಕ ಸಂಘದ ಕಾರ್ಯದರ್ಶಿ ಫಕ್ಕೀರಪ್ಪ ಶಾಲೆಗೇ ಬಂದರು.

"ಅಕ್ಕೋರ, ಹಗುರಂದು ಒಂದು ಮಾಡಿಕೊಟ್ರ ಅಜ್ಜ ಆಡತಾನ. ಇಲ್ಲಾಂದ್ರ ಪಾತ್ರ ಬ್ಯಾರೇದವರಿಗೆ ಕೊಡಬೇಕಾಕ್ಕತಿ. ಅಂವ ಬಾಯಿಲೆ ಹೂಂ ಅಂತಾನ, ಆಮ್ಯಾಲೆ ಮನಿ ಬಿಟ್ಟು ಹೊರಗ ಬರೂದಿಲ್ಲ."

ರಾಣೆಬೆನ್ನೂರಿನಲ್ಲಿ ಚಪ್ಪಲಿ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಯಿಂದ ಅಟ್ಟೆಗೆ ಹಾಕುವ ಇವಿಎ ಫೋಮ್ ಹಾಳೆ ತಂದೆ. ಹಗುರ ರಬ್ಬರಿನಂಥ ವಸ್ತು. ಬಿಸಿಗಾಳಿ ಹಿಡಿದರೆ ಬಾಗುತ್ತದೆ, ಆರಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಮೊದಲು ಪ್ಯಾಟರ್ನ್ ತೆಗೆಯಬೇಕು: ತಲೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಟೇಪ್ ಅಂಟಿಸಿ, ಗೆರೆ ಎಳೆದು, ಕತ್ತರಿಸಿ ಬಿಡಿಸಿಕೊಳ್ಳುವುದು. ಅಜ್ಜ ರುಮಾಲು ಸುತ್ತಿಕೊಂಡೇ ಬಂದು ಕುಳಿತರು. ಹಿರಿಯರಿಗೆ ರುಮಾಲು ತೆಗೆಯಿರಿ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ, ಅದೂ ನಾನು ಹೆಣ್ಣುಮಗಳು. ಇರಲಿ, ಒಂದು ಅಂದಾಜು ಕಳೆದರಾಯಿತು ಎಂದು ರುಮಾಲಿನ ಮೇಲೆಯೇ ಹಾಳೆ ಸುತ್ತಿದೆ.

ಹನ್ನೊಂದು ದಿನದ ಕೆಲಸ. ಎರಡು ಕೊಂಬು ಕೂರಿಸಿ, ಮೊಳೆಯ ತಲೆಗಳಂತೆ ಕಾಣಲು ಕಡ್ಲಿಬ್ಯಾಳಿ ಅಂಟಿಸಿದೆ. ಬಿಳಿ ಅಂಟನ್ನು ತೆಳ್ಳಗೆ ಮಾಡಿ ಮೂರು ಸಲ ಬಳಿದು, ಮೇಲೆ ಕಪ್ಪು ಬಣ್ಣ ಕೊಟ್ಟೆ. ಅದು ಒಣಗಿದ ಮೇಲೆ ಬೆಳ್ಳಿ ಬಣ್ಣವನ್ನು ಅರಿವೆಯಿಂದ ಉಬ್ಬಿದ ಏಣುಗಳಿಗಷ್ಟೇ ಒರೆಸಿದೆ. ಹತ್ತು ಯುದ್ಧ ಕಂಡ ಕಬ್ಬಿಣದಂತೆ ಕಂಡಿತು. ತೂಕ ನಾನೂರ ಹತ್ತು ಗ್ರಾಂ.

ನಾಟಕಕ್ಕೆ ಎರಡು ದಿನ ಮೊದಲು ಶಾಲೆಯ ಅಂಗಳದಲ್ಲಿ ತಾಲೀಮು. ಅಜ್ಜ ಕೋಣೆಯೊಳಗೆ ರುಮಾಲು ಬಿಚ್ಚಿ, ಶಿರಸ್ತ್ರಾಣ ಧರಿಸಿ ಹೊರಗೆ ಬಂದರು. ಎಡಕ್ಕೆ ಹೊರಳಿ ಗರ್ಜಿಸಿದರು. ಮುಖ ಹೊರಳಿತು, ಶಿರಸ್ತ್ರಾಣ ಮುಂದಕ್ಕೇ ನೋಡುತ್ತಿತ್ತು.

"ಅಜ್ಜಾ, ಕೊಂಬು ಒಂದು ದಿಕ್ಕಿಗಿ, ನೀ ಒಂದು ದಿಕ್ಕಿಗಿ ಹೊಂಟೀರಲ್ಲೋ," ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಅಕ್ಕೋರ, ಕಾಲೇಜಿನ್ಯಾಗ ಟೇಪು ಹಿಡಿಯೂದು ಕಲಿಸಲಿಲ್ಲೇನ್ರಿ?" ಎಂದರು ಫಕ್ಕೀರಪ್ಪ.

ರುಮಾಲಿನ ಮೇಲೆಯೇ ಹಾಕಿಕೊಳ್ಳಲಿ ಎನ್ನುವಂತಿರಲಿಲ್ಲ. ಕೊನೆಯ ದೃಶ್ಯದಲ್ಲಿ ಸೋತ ರಾಜ ಶಿರಸ್ತ್ರಾಣ ತೆಗೆದು ಗೆದ್ದವನ ಕಾಲ ಬಳಿ ಇಡಬೇಕು. ಕೆಳಗೆ ರುಮಾಲು ಕಂಡರೆ ಜನ ನಗುತ್ತಾರೆ. ಅಜ್ಜ ಮತ್ತೆ ರುಮಾಲು ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದರು.

"ಅಜ್ಜಾರ, ಬರೇ ತಲಿ ಅಳತಿ ಬೇಕಾಗೇತ್ರಿ," ಎಂದೆ.

ಅವರು ಸುತ್ತ ನೋಡಿ, "ಬಾಗಲಾ ಮುಂದ ಮಾಡವಾ," ಎಂದು ಕೋಣೆಗೆ ನಡೆದರು. ನಾನು ಬಾಗಿಲು ಎಳೆದು ಮುಚ್ಚಿದೆ. ನಿಧಾನಕ್ಕೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಆಟದಾಗ ಎಲ್ಲಾರ ಮುಂದ ಬರೇ ತಲೀಲೆ ನಿಂದರತೀರಲ್ರಿ?"

"ಅಲ್ಲೆ ತಲಿ ಆ ರಾಜಂದವಾ, ಇಲ್ಲೆ ನಂದು. ಆದ್ರೂ ಅವತ್ತ ಕೇಳಿದ್ರ ಅವತ್ತ ತಗೀತಿದ್ನಿ. ಕೆಲಸದ ಮಾತಿಗಿ ನಾ ಯಾಕ ಸಿಟ್ಟಿಗೇಳ್ಲಿ?"

ಬರಿದಲೆಯ ಸುತ್ತಳತೆ ಐವತ್ತಾರು ಸೆಂಟಿಮೀಟರ್. ನಾನು ಅಂದಾಜು ಕಳೆದು ಮಾಡಿದ್ದು ಅರವತ್ನಾಲ್ಕರದು. ಹಿಂಭಾಗದ ಜೋಡಣೆ ಸೀಳಿ ಎಂಟು ಸೆಂಟಿಮೀಟರಿನ ಪಟ್ಟಿ ಕತ್ತರಿಸಿ ತೆಗೆದು, ಮತ್ತೆ ಅಂಟಿಸಿ, ಬಣ್ಣ ಕೊಟ್ಟೆ.

ನಾಟಕದ ದಿನ ಸೋತ ರಾಜ ಶಿರಸ್ತ್ರಾಣವನ್ನು ಎರಡೂ ಕೈಯಿಂದ ತೆಗೆದು ಕೆಳಗಿಟ್ಟು ಬರಿದಲೆಯಲ್ಲಿ ನಿಂತಾಗ ಮುಂದಿನ ಸಾಲಿನ ಮಕ್ಕಳೂ ಸುಮ್ಮನಾದರು. ಒಬ್ಬರೂ ನಗಲಿಲ್ಲ.

ಅಂದು ಹಿಂಜರಿದದ್ದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ನಿಜವಾಗಿ ಅದು ನನ್ನ ಪುಕ್ಕಲುತನ. ಅದರಿಂದ ನಗೆಪಾಟಲಿಗೆ ಈಡಾದವರು ಅಜ್ಜ. ಆಮೇಲೆ ಎಷ್ಟೋ ವೇಷ ಮಾಡಿದ್ದೇನೆ. ಈಗ ಮೊದಲು ಬಾಗಿಲು ಮುಂದೆ ಮಾಡುತ್ತೇನೆ, ಆಮೇಲೆ ಕೇಳುತ್ತೇನೆ, ಆಮೇಲೆ ಅಳತೆಯ ಟೇಪು ತೆಗೆಯುತ್ತೇನೆ.