ಸೊನ್ನೆ ಪರ್ಸೆಂಟ್ ಚಂದನಾ

ನಮ್ಮ ಮನೆ ಜಗಲಿಯ ಮೇಲೆ ಸಂಜೆ ಸಂಜೆ ಕೂತು, ಬಾಯಿ ಒಣಗುವಷ್ಟು ಮಾತಾಡಿ, ಒಂದಿಡೀ ಪ್ರಾಜೆಕ್ಟ್ ಹೇಳಿ ಬರೆಸಿದ ಹುಡುಗಿಯೊಬ್ಬಳು ಆ ಪ್ರಾಜೆಕ್ಟಿಗೆ ಏನೂ ಕೆಲಸ ಮಾಡಿಲ್ಲವಂತೆ. ಹಾಗಂತ ಹೇಳಿದ್ದು ಕಂಪ್ಯೂಟರ್. ಬಾಯಿಮಾತಿನಲ್ಲಲ್ಲ, ಬಣ್ಣದ ಚಿತ್ರ ಸಮೇತ. ಯಾರು ಎಷ್ಟು ಬರೆದಿದ್ದಾರೆ ಎಂದು ತೋರಿಸುವ ಆ ಚಿತ್ರದಲ್ಲಿ ಅವಳ ಬಣ್ಣವೇ ಇರಲಿಲ್ಲ. ಹೆಸರಿನ ಮುಂದೆ ಸೊನ್ನೆ ಪರ್ಸೆಂಟ್.

ನಾನು ಕಂಪ್ಯೂಟರ್ ವಿರೋಧಿಯಲ್ಲ. ಈ ಅಂಕಣವನ್ನೇ ಅಂಥದ್ದೊಂದು ಶೇರ್ ಮಾಡಿಕೊಳ್ಳುವ ಡಾಕ್ಯುಮೆಂಟಿನಲ್ಲಿ ಬರೆಯುತ್ತೇನೆ. ನಾನು ಬಾಳ್ಳುಪೇಟೆ ಪಕ್ಕದ ನಮ್ಮೂರಲ್ಲಿ ಕೂತು ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಸಂಪಾದಕರು ತಮ್ಮ ಆಫೀಸಿನಿಂದಲೇ 'ಉದ್ದ ಆಯ್ತು' ಎಂದು ಕಾಮೆಂಟ್ ಹಾಕಿರುತ್ತಾರೆ. (ಇದಕ್ಕೂ ಹಾಕುತ್ತಾರೆ.) ಮೊದಲೆಲ್ಲ ಬರೆದದ್ದನ್ನು ಬಸ್ಸಿನಲ್ಲಿ ಕಳಿಸಿ, ತಲುಪಿತೋ ಇಲ್ಲವೋ ಎಂದು ಫೋನ್ ಮಾಡಿ ಒದ್ದಾಡುತ್ತಿದ್ದವಳು ನಾನು. ಈಗಿನ ಸುಖ ನನಗೆ ಗೊತ್ತಿದೆ.

ನಮ್ಮ ಮನೆಗೆ ವೈಫೈ ಬಂದಾಗಿನಿಂದ ಜಗಲಿ ನನ್ನದಾಗಿ ಉಳಿದಿಲ್ಲ. ಶಾಲೆ ಬಿಟ್ಟ ಕೂಡಲೇ ಮಕ್ಕಳು ಬರುತ್ತಾರೆ. ಪಾಸ್‌ವರ್ಡ್ ಬದಲಾಯಿಸಿಲ್ಲ ತಾನೆ ಎಂದು ವಿಚಾರಿಸಿಕೊಳ್ಳುತ್ತಾರೆ, ಕೂರುತ್ತಾರೆ. ಖಾಯಂ ಗಿರಾಕಿಗಳು ಮೂವರು: ಚಂದನಾ, ನಿಸರ್ಗ, ರಂಜಿತಾ. ಒಂಬತ್ತನೇ ಕ್ಲಾಸು. ಮೂವರ ಮನೆಯದ್ದೂ ಒಂದಿಷ್ಟು ಗದ್ದೆ, ಅಂಚಿನಲ್ಲಿ ಒಂದಿಷ್ಟು ಕಾಫಿ. ಕತ್ತಲಾಗುವ ಮುಂಚೆ ಎದ್ದು ಹೋಗಿಬಿಡುತ್ತಾರೆ, ಏಕೆಂದರೆ ಕತ್ತಲಾದ ಮೇಲೆ ನಮ್ಮ ಕಡೆಯ ರಸ್ತೆಗಳು ಆನೆಗಳವು.

ಪ್ರಾಜೆಕ್ಟೂ ಅದರದ್ದೇ. 'ಆನೆ ದಾರಿ, ಶಾಲೆ ದಾರಿ.' ಮಕ್ಕಳು ನಡೆಯುವ ದಾರಿಯನ್ನು ಆನೆ ಎಲ್ಲೆಲ್ಲಿ ದಾಟುತ್ತದೆ, ಯಾವ ಕಾಲದಲ್ಲಿ ದಾಟುತ್ತದೆ, ಆಗ ಜನ ಏನು ಮಾಡುತ್ತಾರೆ ಎಂದು ಬರೆಯಬೇಕು. ಬರೆಸಿದವರು ಅವರ ವಿಜ್ಞಾನದ ಟೀಚರ್ ಶ್ವೇತಾ ಮೇಡಂ. ಹಾಸನದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಇನ್ನೂ ಉತ್ಸಾಹ ಆರದ ಹುಡುಗಿ. ಮೂವರೂ ಅವರವರ ಮನೆಯಿಂದಲೇ, ಅವರವರ ಲಾಗಿನ್‌ನಲ್ಲಿ, ಒಂದೇ ಡಾಕ್ಯುಮೆಂಟಿನೊಳಗೆ ಬರೆಯಲಿ ಎಂದು ಏರ್ಪಾಡು ಮಾಡಿದ್ದರು. ಒಬ್ಬರ ಸಾಲನ್ನು ಇನ್ನೊಬ್ಬರು ತಿದ್ದಬಹುದು, ಮೇಡಂ ಹಾಸನದಲ್ಲಿ ಕೂತೇ ನೋಡಬಹುದು. ಒಳ್ಳೆಯ ಯೋಚನೆ ಅಲ್ಲವೇ?

ಇನ್ನೊಂದು ವಿಷಯವೂ ಇತ್ತು. ಚೆನ್ನಾಗಿ ಮಾಡಿದ ತಂಡದಿಂದ ಒಬ್ಬರನ್ನು ಹಾಸನದಲ್ಲಿ ನಡೆಯುವ ವಿಜ್ಞಾನ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ಆನೆಯ ಕೊರಳಿಗೆ ಕಟ್ಟುವ ರೇಡಿಯೋ ಕಾಲರ್ ಬಿಚ್ಚಿ ತೋರಿಸುತ್ತಾರಂತೆ. ಚಂದನಾಳಿಗೆ ಅದರದ್ದೇ ಧ್ಯಾನ. ಆನೆ ಎಸ್ಟೇಟಿನ ಒಳಗೆ ನಿಂತಿದ್ದರೂ ಆ ಪಟ್ಟಿ ಹೇಗೆ ಸುದ್ದಿ ಕೊಡುತ್ತದೆ ಎಂದು ನನ್ನನ್ನು ಕೇಳಿದ್ದಳು. ನನಗೆ ಗೊತ್ತಿದ್ದರೆ ತಾನೆ? ಶಿಬಿರಕ್ಕೆ ಹೋಗಿ ತಿಳ್ಕೊಂಡು ಬಂದು ನಂಗೂ ಹೇಳು ಅಂದಿದ್ದೆ.

ಅವರು ಕೆಲಸ ಮಾಡುತ್ತಿದ್ದ ರೀತಿ ಮಾತ್ರ ವಿಚಿತ್ರ. ಮೂರು ಮನೆಯ ಫೋನೂ ತರುತ್ತಿದ್ದರು. ಎರಡನ್ನು ಬೋರಲು ಹಾಕಿ ಪಕ್ಕಕ್ಕಿಡುತ್ತಿದ್ದರು. ನಿಸರ್ಗಳ ಫೋನೊಂದನ್ನೇ ಮೂವರೂ ತಲೆ ಸೇರಿಸಿ ನೋಡುವುದು. ಚಂದನಾ ಹೇಳುತ್ತಾಳೆ, ರಂಜಿತಾ 'ಹಂಗಲ್ಲ ಕಣೇ, ಅದು ಹಲಸಿನಹಣ್ಣಿನ ಟೈಮಲ್ಲಿ' ಎಂದು ತಕರಾರು ತೆಗೆಯುತ್ತಾಳೆ, ಮತ್ತೆ ಮೂವರ ಜಗಳ. ಆಮೇಲೆ ನಿಸರ್ಗ ಟೈಪ್ ಮಾಡುತ್ತಾಳೆ. ಅವಳ ಹೆಬ್ಬೆರಳು ಓಡುವ ವೇಗ ನೋಡಿದರೆ ನನ್ನಂಥವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಆನೆ ಕೆರೆ ಏರಿಯ ಮೇಲಿಂದ ಇಳಿಯುವ ಜಾಗ, ಅಲ್ಲಿಂದ ಕಾಫಿ ಸ್ಟೋರಿನ ಹಿಂದೆ ತಿರುಗುವ ದಾರಿ, ಪಾಳ್ಯದ ಬಸ್ಸಿಗೆ ಹೋಗುವ ಮಕ್ಕಳು ಎಲ್ಲಿ ನಿಂತು ಕಾಯುತ್ತಾರೆ ಎಂಬುದು, ಎಲ್ಲವೂ ಚಂದನಾಳ ಬಾಯಿಂದ ಬಂದದ್ದು. ನಾನು ಕಾಫಿ ಕುಡಿಯುತ್ತಾ ಕೇಳಿಸಿಕೊಂಡಿದ್ದೇನೆ.

ಒಂದು ದಿನ ತಡೆಯಲಾರದೆ ನನ್ನ ಹಳೇ ಲ್ಯಾಪ್‌ಟಾಪ್ ತಂದು ಕೊಡಲೇ ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದರಲ್ಲಿ ಬರೆದರೆ ಬೇಗ ಆಗುತ್ತದಲ್ಲ?

"ಬ್ಯಾಡ ಆಂಟಿ," ಅಂದಳು ಚಂದನಾ. "ಇದು ನಿಸರ್ಗಂದು."

ಏನು ಹಾಗಂದರೆ ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಸಾರು ಇತ್ತು.

ಹೋದ ವಾರ ಚಂದನಾ ಒಬ್ಬಳೇ ಬಂದಳು. ಬ್ಯಾಗು ಬೆನ್ನಿನಿಂದ ಇಳಿಸಲೂ ಇಲ್ಲ. ಅವರ ತಂಡಕ್ಕೆ ಮೊದಲ ಸ್ಥಾನ ಬಂದಿದೆ, ಆದರೆ ಶಿಬಿರಕ್ಕೆ ನಿಸರ್ಗಳ ಹೆಸರು ಹೋಗುತ್ತದಂತೆ. ರಿಪೋರ್ಟಿನಲ್ಲಿ ನಿಸರ್ಗಳದ್ದು ನೂರಕ್ಕೆ ನೂರು, ಉಳಿದಿಬ್ಬರದ್ದು ಸೊನ್ನೆ. ಇಂಟರ್ನಲ್ ಮಾರ್ಕ್ಸೂ ಹಾಗೇ ಬರುತ್ತದಂತೆ.

"ನಾನು ಏನೂ ಬರ್ದೇ ಇಲ್ವಂತೆ ಆಂಟಿ," ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಸರ್ಗ ಎಲ್ಲಿ ಎಂದು ಕೇಳಿದರೆ, ನೆಂಟರ ಮದುವೆಗೆ ಹೋಗಿ ಬಂದಾಗಿನಿಂದ ಸಿಗುತ್ತಿಲ್ಲ ಎಂದಳು. ನಿಸರ್ಗಳ ಅಮ್ಮ ಮದುವೆಮನೆಯಲ್ಲೇ ನೆಂಟರಿಗೆಲ್ಲ 'ನಮ್ ಹುಡುಗಿ ಹಾಸನಕ್ಕೆ ಸೆಲೆಕ್ಟ್ ಆಗೌಳೆ' ಎಂದು ಹೇಳಿಬಿಟ್ಟಿದ್ದರು. ಅವರ ತಪ್ಪೇನು? ಮಗಳ ಹೆಸರು ಬಂದರೆ ಯಾವ ತಾಯಿ ಬಾಯಿ ಮುಚ್ಚಿಕೊಂಡು ಇರುತ್ತಾಳೆ?

ನನಗೆ ಸಿಟ್ಟು ಬಂತು. (ನನ್ನ ಮನೆಯವರ ಪ್ರಕಾರ ಅದು ಬರಲು ಕಾರಣ ಬೇಕಾಗಿಲ್ಲ.) ಮಾರನೇ ದಿನವೇ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡೆ: ಯಂತ್ರ, ಮನುಷ್ಯ, ಶಿಕ್ಷಣ, ಇತ್ಯಾದಿ.

ಶ್ವೇತಾ ಮೇಡಂ ಕುರ್ಚಿ ಕೊಟ್ಟು, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಆ ಬಣ್ಣದ ಚಿತ್ರ ತೋರಿಸಿದರು. ನಾನು ಜಗಲಿಯಲ್ಲಿ ಕಂಡದ್ದನ್ನು ಹೇಳಿದೆ. ಅವರು ಕೇಳಿದರು, ಅರ್ಧಕ್ಕೆ ತಡೆಯಲಿಲ್ಲ. ಆಮೇಲೆ ನಿಧಾನವಾಗಿ ತಮ್ಮದೊಂದು ಕತೆ ಹೇಳಿದರು. ಅವರು ಓದುವಾಗ ಗ್ರೂಪ್ ಪ್ರಾಜೆಕ್ಟ್ ಅಂದರೆ ಪೂರ್ತಿ ಅವರೊಬ್ಬರೇ ಬರೆಯುತ್ತಿದ್ದರಂತೆ. ವೇದಿಕೆ ಹತ್ತಿ ಮಾತಾಡಿ ಬಹುಮಾನ ತಗೊಂಡವರು ಬೇರೆ. ಜೋರು ಬಾಯಿಯ ಮಕ್ಕಳ ನಡುವೆ ಸುಮ್ಮನೆ ಕೂತು ಕೆಲಸ ಮಾಡುವ ಹುಡುಗಿಗೆ ಮೋಸ ಆಗಬಾರದೆಂದೇ ಇದನ್ನು ತಂದಿದ್ದರು.

"ನಿಮ್ಮ ಜಗಲಿ ವಿಷಯ ನೀವು ಹೇಳಿದ್ರಿ ಮೇಡಂ, ನಂಬ್ತೀನಿ," ಅಂದರು. "ಎಲ್ಲಾ ಮಕ್ಕಳಿಗೂ ನಿಮ್ಮಂಥ ಸಾಕ್ಷಿ ಎಲ್ಲಿಂದ ತರ್ಲಿ?"

ನನ್ನ ಭಾಷಣ ಅಲ್ಲಿಗೇ ಸತ್ತಿತು. ಅವರ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿರುವವರ ಜೊತೆ ಜಗಳ ಆಡುವುದು ಬಹಳ ಕಷ್ಟದ ಕೆಲಸ.

ಮೂವರನ್ನೂ ಕರೆಸಿದರು. ಬೇರೆ ಬೇರೆ ಲಾಗಿನ್ ಕೊಟ್ಟಿದ್ದರೂ ಒಂದರಲ್ಲೇ ಯಾಕೆ ಬರೆದಿರಿ ಎಂದು ಕೇಳಿದರು. ನಿಸರ್ಗ ನೆಲ ನೋಡಿದಳು. ಚಂದನಾ ಕಿಟಕಿ ನೋಡಿದಳು. ಕೊನೆಗೆ ಬಾಯಿ ಬಿಟ್ಟವಳು ರಂಜಿತಾ.

"ಮೊದ್ಲು ನಿಸರ್ಗಂದು ಮಾಡಣ ಅಂತ ಇತ್ತು ಮಿಸ್. ಅವ್ಳು ಮದ್ವೆಗೆ ಹೋಗ್ಬೇಕಿತ್ತಲ್ಲ. ಆಮೇಲೆ ಚಂದನಂದು. ಆಮೇಲೆ ನಂದು. ಅಷ್ಟ್ರಲ್ಲಿ ಡೇಟು ಮುಗ್ದೋಗ್ಬುಡ್ತು."

ಮೇಡಂಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆದ ಕೂಡಲೇ ನಗುವೂ ಬಂತು, ಮೈ ಜುಮ್ಮೆಂದಿತು ಕೂಡ. ಮಕ್ಕಳು ಮುಯ್ಯಾಳು ಮಾಡಿದ್ದರು!

ಮುಯ್ಯಾಳು ಎಂದರೆ ಏನೆಂದು ಹಾಸನ ಪೇಟೆಯ ಮೇಡಂಗೆ ನಾನೇ ವಿವರಿಸಿದೆ. ನಾಟಿ ಕಾಲದಲ್ಲಿ ಕೂಲಿಯವರು ಸಿಗುವುದಿಲ್ಲ. ಆಗ ನಾಲ್ಕಾರು ಮನೆಯವರು ಸೇರಿ ಎಲ್ಲರೂ ಇವತ್ತು ನಿಮ್ಮ ಗದ್ದೆಗೆ, ನಾಳೆ ನಮ್ಮ ಗದ್ದೆಗೆ ಇಳಿಯುತ್ತೇವೆ. ಯಾರ ಸಸಿ ಮೊದಲು ಬಲಿತಿದೆಯೋ, ಯಾರಿಗೆ ಅವಸರವಿದೆಯೋ ಅವರದ್ದು ಮೊದಲು. ಯಾವ ಸಾಲು ಯಾರು ನೆಟ್ಟರು ಎಂದು ಯಾರೂ ಕೇಳುವುದಿಲ್ಲ. ಗದ್ದೆ ಮುಗಿದ ಮೇಲೆ ಅದು ಆ ಮನೆಯವರ ಗದ್ದೆ, ಅಷ್ಟೇ. ಮುಯ್ಯಿ ತೀರುವುದು ನಾಳೆ ಅವರು ನಮ್ಮ ಗದ್ದೆಗೆ ಇಳಿದಾಗ.

ಈಗ ನಾಟಿ ಮಿಷನ್ ಬಂದಿದೆ, ಮುಯ್ಯಾಳು ಕಡಿಮೆಯಾಗಿದೆ. ಆದರೂ ಈ ಮೂರು ಮನೆಯವರು ಬಿಟ್ಟಿಲ್ಲ. ಹೋದ ತಿಂಗಳು ಈ ಮೂವರೂ ಭಾನುವಾರ ಕೆಸರಿಗೆ ಇಳಿದಿದ್ದರು. ಮೇಡಂ 'ಮೂವರೂ ಸೇರಿ ಮಾಡಿ' ಎಂದಾಗ ಅವರಿಗೆ ಗೊತ್ತಿದ್ದ 'ಸೇರಿ ಮಾಡುವುದು' ಇದೊಂದೇ. ಒಂದೇ ಡಾಕ್ಯುಮೆಂಟ್ ಸಾಕು ಎಂದು ಮೇಡಂ ಹೇಳಿದ್ದು ಅವರ ತಲೆಗೆ ಹೋಗಿರಲೇ ಇಲ್ಲ. ಮೂರು ಲಾಗಿನ್ ಕೊಟ್ಟಿದ್ದಾರೆ ಅಂದರೆ ಮೂರು ಗದ್ದೆ ಎಂದೇ ಲೆಕ್ಕ.

ಶಿಬಿರದವರು ಕೇಳುವುದು ಒಂದು ಹೆಸರು, ಜೊತೆಗೊಂದು ರಿಪೋರ್ಟು. ಅವರಿಗೆ ಮುಯ್ಯಾಳು ಎಂದರೆ ಏನು ಗೊತ್ತು? ಕೊನೆಗೆ ಮೇಡಂ ಒಂದು ದಾರಿ ಹುಡುಕಿದರು. ಸೋಮವಾರ ಕಂಪ್ಯೂಟರ್ ರೂಮಿನಲ್ಲಿ, ಅವರ ಕಣ್ಣೆದುರಿಗೆ, ಮೂವರೂ ಮೂರು ಕಂಪ್ಯೂಟರಿನಲ್ಲಿ ಕೂತು, ಅವರವರ ಲಾಗಿನ್‌ನಲ್ಲಿ ಪ್ರಾಜೆಕ್ಟಿನ ಕೊನೆಯ ಭಾಗ ಬರೆಯಬೇಕು: ಆನೆ ಬಂದ ದಿನ ಶಾಲೆ ಏನು ಮಾಡಬೇಕು? ಅದನ್ನು ನೋಡಿ ತೀರ್ಮಾನ. ಬೇಕಾದರೆ ನೀವೂ ಬನ್ನಿ ಎಂದು ನನ್ನನ್ನೂ ಕರೆದರು. ಬೇಡ ಅನ್ನುವವಳೇ ನಾನು?

ಸೋಮವಾರ ಮೂವರೂ ಕೂತರು. ಮೂರು ಕರ್ಸರ್, ಮೂರು ಬಣ್ಣ. ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ನಿಸರ್ಗ ಎರಡು ಸಾಲು ಹೊಡೆದು ಅಳಿಸಿದಳು. ರಂಜಿತಾ 'ಆನೆ ದೊಡ್ಡ ಪ್ರಾಣಿ' ಎಂದು ಬರೆದು ಅದನ್ನೂ ಅಳಿಸಿದಳು. ಚಂದನಾಳ ಪರದೆ ಖಾಲಿ. ಜಗಲಿಯ ಮೇಲೆ ಉಸಿರು ಬಿಡದೆ ಮಾತಾಡುತ್ತಿದ್ದವಳು ಆ ಮಿಣಮಿಣ ಗೆರೆಯನ್ನೇ ನೋಡುತ್ತಾ ಬೆವರುತ್ತಿದ್ದಳು. ಕೀಬೋರ್ಡಿನಲ್ಲಿ ಅಕ್ಷರ ಹುಡುಕುವುದರಲ್ಲೇ ಹೇಳಬೇಕಾದ್ದು ಮರೆತುಹೋಗುತ್ತಿತ್ತು. ನಾನೇ ಬಂದು ಕೆಡಿಸಿದೆನೇ?

"ಮಾತಾಡ್ಬಹುದು ಕಣ್ರೇ," ಅಂದರು ಮೇಡಂ, ಅವರಿಗೂ ನೋಡಲಾಗದೆ.

ಎರಡು ಸ್ಟೂಲು ಒಟ್ಟಿಗೇ ಸರಿದವು. ನಿಸರ್ಗ ಮತ್ತು ರಂಜಿತಾ ಚಂದನಾಳ ಕಂಪ್ಯೂಟರಿನ ಆಚೆ ಈಚೆ ಕೂತರು, ನಿಸರ್ಗ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡಳು. ಚಂದನಾಳ ಬಾಯಿ ತೆರೆಯಿತು. ಆನೆ ಬಂದಿದೆ ಎಂಬ ಅರಣ್ಯ ಇಲಾಖೆಯ ಮೆಸೇಜು ಅಪ್ಪನ ಫೋನಿಗೆ ಬರುತ್ತದೆ, ಅಷ್ಟು ಹೊತ್ತಿಗೆ ಮಕ್ಕಳು ದಾರಿಯಲ್ಲಿರುತ್ತಾರೆ. ಆ ಮೆಸೇಜು ಶಾಲೆಗೂ ಬರಬೇಕು, ಕೊನೇ ಬೆಲ್ಲಿಗೆ ಮುಂಚೆ ಓದಿ ಹೇಳಬೇಕು, ಆ ದಾರಿಯ ಮಕ್ಕಳನ್ನು ಒಟ್ಟಿಗೇ ಕಳಿಸಬೇಕು. ರಂಜಿತಾ ತಕರಾರು ತೆಗೆದಳು, ಚಿಕ್ಕ ಮಕ್ಕಳನ್ನು ಮಧ್ಯದಲ್ಲಿ ನಡೆಸಬೇಕು ಎಂದು ಸೇರಿಸಿದಳು. ನಿಸರ್ಗಳ ಬೆರಳು ಓಡಿತು. ಮೇಡಂ ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದರು.

ಮುಗಿದ ಮೇಲೆ ಆ ಭಾಗದ ರಿಪೋರ್ಟ್ ತೆಗೆದರು. ಚಂದನಾ ನೂರಕ್ಕೆ ನೂರು. ಅಷ್ಟನ್ನೂ ಟೈಪ್ ಮಾಡಿದ ನಿಸರ್ಗ ಸೊನ್ನೆ. ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ನಕ್ಕುಬಿಟ್ಟೆವು.

ಆಮೇಲೆ ಮೇಡಂ ನಿಸರ್ಗಳ ಹತ್ತಿರ ಬಂದು ಕೂತರು. ಮೊದಲು ಬಂದದ್ದು ನಿನ್ನ ಹೆಸರು, ನಿನ್ನ ಕೆಲಸವೂ ಇದೆ, ನೀನು ಹೋಗುತ್ತೇನೆ ಅಂದರೆ ತಪ್ಪೇನಿಲ್ಲ ಎಂದು ಸಮಾಧಾನದಲ್ಲಿ ಹೇಳಿದರು. ನಿಸರ್ಗ ಕೀಬೋರ್ಡನ್ನು ಚಂದನಾಳ ಕಡೆ ಸರಿಸಿದಳು. ಅಮ್ಮನಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ಮದುವೆಮನೆಯಲ್ಲಿ ಕೇಳಿಸಿಕೊಂಡ ನೆಂಟರು ಒಬ್ಬಿಬ್ಬರಲ್ಲ.

"ಚಂದನಾ ಹೋಗ್ಲಿ ಮಿಸ್," ಅಂದಳು. "ನಮ್ ಗದ್ದೆ ಆಯ್ತಲ್ಲ."

ನನ್ನ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮೇಡಂ ಬೀರು ತೆಗೆದು, ಅದರೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದರು.

ಶಿಬಿರಕ್ಕೆ ಚಂದನಾಳ ಹೆಸರು ಹೋಯಿತು. ಎರಡು ರಿಪೋರ್ಟನ್ನೂ ಲಗತ್ತಿಸಿ, ಕೆಳಗೆ ಮೇಡಂ ತಮ್ಮದೇ ಮಾತಿನಲ್ಲಿ 'ಇದನ್ನು ಮೂವರೂ ಸೇರಿ ಮಾಡಿದ್ದನ್ನು ನಾನು ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಮಾರ್ಕ್ಸ್ ಮೂವರಿಗೂ ಒಂದೇ. ಡಾಕ್ಯುಮೆಂಟನ್ನೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಮುಂದಿನ ಪ್ರಾಜೆಕ್ಟಿಗೆ ಮೇಡಂ ವಾರಕ್ಕೊಮ್ಮೆ ಮಕ್ಕಳ ನಡುವೆ ಕೂತು ಕೇಳಿಸಿಕೊಳ್ಳುತ್ತಾರಂತೆ. ಟೂಲ್ ಇರಲಿ, ಜೊತೆಗೆ ಟೀಚರ್ ಕಿವಿಯೂ ಇರಲಿ. ಕೇಳುವುದಕ್ಕೆ ಯಾವ ಆ್ಯಪ್ ಬೇಕು ಹೇಳಿ?

ಎಲ್ಲ ಸುಖಾಂತ್ಯವಾಯಿತು ಎಂದುಕೊಂಡು ನಾನು ಬ್ಯಾಗ್ ಎತ್ತಿಕೊಂಡೆ. ಮಕ್ಕಳೂ ಜೊತೆಗೆ ಹೊರಟರು. ಚಂದನಾ ಮುಂದೆ ಮುಂದೆ ಜಿಗಿಯುತ್ತಿದ್ದಳು, ನಿಸರ್ಗ ಅವಳ ಜೊತೆ ಮತ್ತೆ ಮಾತಿಗೆ ಕೂಡಿದ್ದಳು. ರಂಜಿತಾ ಮಾತ್ರ ಹಿಂದೆ ಉಳಿದು, ನನ್ನ ಪಕ್ಕದಲ್ಲಿ ನಡೆಯುತ್ತಾ, ಯಾವ ಬೇಸರವೂ ಇಲ್ಲದ ದನಿಯಲ್ಲಿ ಕೇಳಿದಳು:

"ನಂದು ಯಾವಾಗ ಆಂಟಿ?"

ಇಬ್ಬರ ಗದ್ದೆಗೂ ಇಳಿದು, ಎರಡು ರಿಪೋರ್ಟಿನಲ್ಲೂ ಸೊನ್ನೆ ತಗೊಂಡ ಈ ಹುಡುಗಿಯ ಗದ್ದೆಗೆ ಇಳಿಯುವವರು ಯಾರು?