ನಲವತ್ತೊಂದನೆಯ ಮೆಟ್ಟಿಲು

ಕಾಡುಹಾದಿಗಳಲ್ಲಿ ನಡೆದು ಸಂತೋಷಪಡುವವರು ಬಹಳ ಮಂದಿ, ಆ ಸಂತೋಷವನ್ನು ಬರೆಯುವವರೂ ಕಡಿಮೆಯೇನಿಲ್ಲ. ಆದರೆ ಹಾದಿಯನ್ನು ಕಾಲಿಗೆ ಒಗ್ಗುವಂತೆ ಕಟ್ಟಿ, ತಾವು ಪಕ್ಕಕ್ಕೆ ಸರಿದು ನಿಲ್ಲುವವರು ವಿರಳ. ಅರಣ್ಯ ಇಲಾಖೆಯ ಹಾದಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಸ್ತ್ರಿಗಳು ಅಂಥವರಲ್ಲೊಬ್ಬರು. ಅವರ ಕೈಕೆಳಗೆ ಹನ್ನೊಂದು ವರ್ಷ ಕಲ್ಲು ಹೊತ್ತು, ಬೈಸಿಕೊಂಡು, ಕೆಲಸ ಕಲಿತವಳೆಂಬ ಒಂದೇ ಅರ್ಹತೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹಿಂದೊಮ್ಮೆ ಅಂಚೆಯಾಳುಗಳು ಚೀಲ ಹೊತ್ತು ಗುಡ್ಡ ದಾಟುತ್ತಿದ್ದ ಹಳೆಯ ಅಂಚೆಹಾದಿಗೆ, ತಮ್ಮ ಸೇವೆಯ ಮೂರನೆಯ ವರ್ಷದಲ್ಲಿ, ಮೇಸ್ತ್ರಿಗಳು ಹೊಸ ಮೆಟ್ಟಿಲು ಕೂಡಿಸಿದರು. ಕೆಲವೇ ವಾರಗಳಲ್ಲಿ ನಲವತ್ತೊಂದನೆಯ ಮೆಟ್ಟಿಲು ಮಗುಚಿ, ಶಾಲೆಯ ಮಕ್ಕಳನ್ನು ಕರೆತಂದಿದ್ದ ಟೀಚರೊಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಹಾದಿ ಮುಚ್ಚಿತು. ಮಳೆಗೆ ಮಣ್ಣು ಸಡಿಲವಾಗಿತ್ತೆಂದು ಬರೆದು ಕೈತೊಳೆದುಕೊಳ್ಳಲು ಮೇಲಿನವರು ಸಿದ್ಧರಿದ್ದರು. ಮೇಸ್ತ್ರಿಗಳು ಮಾತ್ರ ವರದಿಯ ಕೊನೆಗೆ ಸ್ವಂತ ಅಕ್ಷರದಲ್ಲಿ, "ಕಲ್ಲು ನಾನಿಟ್ಟದ್ದು. ಹತ್ತಿ ನೋಡಿದ್ದೆ, ಇಳಿದು ನೋಡಿರಲಿಲ್ಲ" ಎಂದು ಸೇರಿಸಿದರು. ಹತ್ತುವಾಗ ಭಾರ ಕಲ್ಲಿನ ನಡುವೆ ಬೀಳುತ್ತದೆ, ಇಳಿಯುವಾಗ ಅಂಚಿನ ಮೇಲೆ. ಆ ಎರಡು ಸಾಲಿಗಾಗಿ ಅವರು ಒಂಬತ್ತು ವರ್ಷ ಉಗ್ರಾಣದಲ್ಲಿ ಹಾರೆ, ಗುದ್ದಲಿ ಎಣಿಸುತ್ತ ಕೂರಬೇಕಾಯಿತು.

ಅಲ್ಲಿಂದ ಹೊರಬಂದ ಮೇಲೆ ಅವರು ಕಟ್ಟಿದ ಪ್ರತಿ ಮೆಟ್ಟಿಲನ್ನೂ ಎರಡು ಬಕೆಟ್ ತುಂಬ ನೀರು ಹಿಡಿದು ಇಳಿದೇ ನೋಡಿದರು. ಕಲ್ಲು ಅಲುಗಿ ನೀರು ಚೆಲ್ಲಿದ ಕಡೆ ಅದನ್ನು ಕಿತ್ತು ಮತ್ತೆ ಕೂಡಿಸಬೇಕಿತ್ತು. ನನ್ನ ಮೊದಲ ಹದಿನಾಲ್ಕು ಮೆಟ್ಟಿಲಲ್ಲಿ ಒಂಬತ್ತನೆಯದರ ಮೇಲೆ ಚೆಲ್ಲಿತು.

"ಸಂದೀಲಿ ಒಂದು ಕಲ್ಲುಚಕ್ಕೆ ತುರುಕಿದ್ರೆ ಸಾಲ್ದಾ?" ಎಂದೆ.

"ಸಾಲುತ್ತಲ್ಲ, ನಿಮ್ಮಮ್ಮ ಈ ಕಡೆ ಬರೋದಿಲ್ಲ ಅಂತಾದ್ರೆ."

ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಮೇಲಿನ ಕಲ್ಲುಗಳು ಕೆಳಗಿನದರ ಬೆನ್ನ ಮೇಲೆ ಕೂತಿರುವುದರಿಂದ ಹದಿನಾಲ್ಕರಿಂದ ಒಂಬತ್ತರವರೆಗಿನ ಆರನ್ನೂ ಕಿತ್ತೆ. ಅದೇ ವಾರ ಅಮ್ಮ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ, ಎಂಟು ದಿನ ನನ್ನ ಪಾಲಿನ ಕಲ್ಲನ್ನೂ ಹೊತ್ತು ರಾಶಿ ಹಾಕಿದವರು ಇವರೇ. ಆದರೆ ಒಂದನ್ನೂ ಕೂಡಿಸಿರಲಿಲ್ಲ. ಅದು ನನ್ನ ಕೆಲಸವೆಂದು ಬಿಟ್ಟಿದ್ದರು.

ಐದು ವರ್ಷದ ಹಿಂದೆ ಅಂಚೆಹಾದಿಯ ಜೀರ್ಣೋದ್ಧಾರ ಆರಂಭವಾದಾಗ, ಭಾರ ಎತ್ತಕೂಡದೆಂದು ಡಾಕ್ಟರು ಎಚ್ಚರಿಸಿದ್ದರೂ, ನಲವತ್ತೊಂದನೆಯ ಮೆಟ್ಟಿಲನ್ನು ಅವರು ಬೇರೆಯವರಿಗೆ ಬಿಡಲಿಲ್ಲ. ಮೂರು ಸಲ ಕೂಡಿಸಿ ಎರಡು ಸಲ ಕಿತ್ತರು. ಕೆಲಸ ಮುಗಿದ ಮೇಲೆ ಟೀಚರಿಗೆ ಆಹ್ವಾನ ಬರೆದು ಮೂರು ಸಲ ಹರಿದರು. ನಾಲ್ಕನೆಯದನ್ನು ನಾನು ಕಸಿದುಕೊಂಡು ಅಂಚೆಗೆ ಹಾಕಿದೆ. ಟೀಚರು ಬಂದು ಆ ಕಲ್ಲನ್ನು ತುಳಿಯದೆ ಹಾದಿ ತೆರೆದಂತಲ್ಲ ಎಂಬುದು ಮೇಸ್ತ್ರಿಗಳ ಮನಸ್ಸಿನಲ್ಲಿತ್ತೆಂದು ನಮಗೆಲ್ಲ ಗೊತ್ತಿತ್ತು.

ಕಳೆದ ತಿಂಗಳು ಹಾದಿ ತೆರೆದ ದಿನ ಟೀಚರು ಬಂದರು, ಎಪ್ಪತ್ತು ದಾಟಿದವರು, ಊರುಗೋಲಿನೊಡನೆ. ನಲವತ್ತೆರಡರವರೆಗೆ ನಿಧಾನವಾಗಿ ಹತ್ತಿ, ಹಿಂತಿರುಗಿ ನಿಂತರು. ಮೇಸ್ತ್ರಿಗಳು ಬಕೆಟ್ ಹಿಡಿದು ಅವರೆದುರು ಇಳಿದು ತೋರಿಸಿದರು. ಮಂಡಿ ನಡುಗುತ್ತಿತ್ತು, ನೀರು ಚೆಲ್ಲಲಿಲ್ಲ.

"ಸರಿ, ಸ್ವಲ್ಪ ಜಾಗ ಬಿಡಿ" ಎಂದು ಟೀಚರು ಊರುಗೋಲನ್ನು ನನ್ನ ಕೈಗಿಟ್ಟು, ಮೆಟ್ಟಿಲಿನ ಅಂಚಿಗೇ ಕಾಲಿಟ್ಟು, ಪೂರ್ತಿ ಭಾರ ಹಾಕಿ ನಿಂತರು. ಕಲ್ಲು ಅಲುಗಲಿಲ್ಲ.

"ಮೇಸ್ತ್ರಿ, ಅವತ್ತು ನಾನೂ ಮಕ್ಕಳನ್ನ ಎಣಿಸ್ತಾ ಇದ್ದೆ. ಕಾಲು ನೋಡಿ ಇಟ್ಟಿರಲಿಲ್ಲ. ಇದನ್ನ ನಿಮಗೆ ಯಾವತ್ತೋ ಹೇಳಬೇಕಿತ್ತು."

ಮೂವತ್ತೈದು ವರ್ಷದಿಂದ ಆ ತಪ್ಪನ್ನು ಒಬ್ಬರೇ ಹೊತ್ತವರು ಬಕೆಟ್ ಕೆಳಗಿಟ್ಟು, ಅದೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರು ಕಟ್ಟಿದ ಹಾದಿಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಮಂಡಿಗೆ ಬಲ ಬರಲಿ, ಆಯುಸ್ಸಿಗೆ ಅವಸರ ಬಾರದಿರಲಿ. ಗುಡ್ಡದ ಆಚೆ ಮಗ್ಗುಲಲ್ಲಿ ನನ್ನ ಇಪ್ಪತ್ತು ಮೆಟ್ಟಿಲುಗಳು ಮುಗಿದಿವೆ, ಇನ್ನೂ ಇಳಿದು ನೋಡಿಲ್ಲ. ಬಕೆಟ್ ಈಗ ನಾನು ಹಿಡಿಯುತ್ತೇನೆ. ಮೇಸ್ತ್ರಿಗಳು ಕೆಳಗೆ ನಿಂತು ನೋಡಬೇಕು.